ಮಗುವಿನ ಕೆಂಪು ಅಂಡಿಗೆ ಯಾವ ಮುಲಾಮು?

ಸಾಗರದ ಕಡೆ ಒಂದು ಮಳೆಗಾಲದ ಮಧ್ಯಾಹ್ನ, ತಾಯಂದಿರು ಮತ್ತು ಅಜ್ಜಿಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಈ ಡಬ್ಬಿಯ ಮುಚ್ಚಳ ತೆಗೆದಿದ್ದೇನೆ. ಮುಂದಿನ ಸಾಲಿನವರು ಮೂಸಿ ನೋಡಿ ಹಿಂದಕ್ಕೆ ಕಳಿಸಿ. ಅಜ್ಜಿಯರಿಗೆ ಮೂಸದೆಯೇ ಗೊತ್ತಾಗಿರುತ್ತದೆ. ಹೌದು, ಮುರುಗಲ ತುಪ್ಪ. ಹೆಸರಿಗೆ ತುಪ್ಪ, ಹಸುವಿಗೂ ಇದಕ್ಕೂ ಸಂಬಂಧವಿಲ್ಲ. ಬೇಸಿಗೆಯಲ್ಲಿ ಮುರುಗಲು, ಅಂದರೆ ಕೋಕಂ ಹಣ್ಣಿನ ಸಿಪ್ಪೆ ಒಣಗಿಸಿ ಸಾರಿಗೆ, ಪಾನಕಕ್ಕೆ ಇಡುತ್ತೇವೆ. ಉಳಿದ ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸುತ್ತೇವೆ. ಆರಿದಾಗ ಜಿಡ್ಡು ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಅದನ್ನು ಉಂಡೆ ಕಟ್ಟಿ ಇಟ್ಟರೆ ವರ್ಷವಿಡೀ ಒಡೆದ ಹಿಮ್ಮಡಿಗೆ, ಒಡೆದ ತುಟಿಗೆ ಆಗುತ್ತದೆ. ನಮ್ಮ ಕೆಲವು ಮನೆಗಳಲ್ಲಿ ಮಕ್ಕಳ ತೊಡೆಸಂದಿಗೂ ಇದನ್ನೇ ಹಚ್ಚುತ್ತಿದ್ದರು.

ನಾನು ಮಕ್ಕಳ ಡಾಕ್ಟರು. ಈ ಡಬ್ಬಿಯನ್ನು ಯಾಕೆ ತಂದೆ ಅಂದರೆ, ಇದರ ವಿಷಯದಲ್ಲಿ ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ.

ನನ್ನ ಮಗಳಿಗೆ ಆಗ ಏಳು ತಿಂಗಳು. ನಾನಿನ್ನೂ ಓದುತ್ತಿದ್ದೆ, ತಲೆಯಲ್ಲಿ ಪುಸ್ತಕ ತುಂಬಿತ್ತು. ಮಗುವಿನ ಅಂಡು ಕೆಂಪಾಯಿತು. ಅತ್ತೆ ಮುರುಗಲ ತುಪ್ಪದ ಉಂಡೆ ತಂದರು. ನಾನು ಬೇಡ ಅಂದೆ. ವಿದೇಶದಿಂದ ಬಂದ ನೆಂಟರೊಬ್ಬರು ಕೊಟ್ಟಿದ್ದ ದುಬಾರಿ ಗಿಡಮೂಲಿಕೆ ಕ್ರೀಮ್ ನನ್ನ ಹತ್ತಿರ ಇತ್ತು. ಡಬ್ಬಿಯ ಮೇಲೆ ಹೂವಿನ ಚಿತ್ರ, ಒಳಗೆ ಘಮಘಮ ವಾಸನೆ. ಅದನ್ನು ಹಚ್ಚಿದೆ. ಎರಡು ದಿನದಲ್ಲಿ ಕೆಂಪು ಇದ್ದದ್ದು ಉರಿಯಾಯಿತು. ಮಗು ಉಚ್ಚೆ ಹೊಯ್ದಾಗಲೆಲ್ಲ ಚೀರುತ್ತಿದ್ದಳು. ಆಮೇಲೆ ಕಣ್ಣರಳಿಸಿ ಓದಿದಾಗ ಕಂಡದ್ದು, ಅದರಲ್ಲಿ ಮೂರು ಥರದ ಸುಗಂಧ ತೈಲ. ಹಸಿ ಚರ್ಮಕ್ಕೆ ನಾನೇ ಕೈಯಾರೆ ಅತ್ತರು ಹಚ್ಚಿದ್ದೆ.

ಅತ್ತೆ ಬಯ್ಯಲಿಲ್ಲ. "ಮೊದ್ಲು ಒಣಗ್ಲಿ ಬಿಡೆ, ಆಮೇಲೆ ಹಚ್ಚಿದ್ರಾಯ್ತು" ಅಂದರು. ಮಗುವನ್ನು ಬರೀ ಅಂಡಿನಲ್ಲಿ ಹಳೇ ಸೀರೆಯ ಮೇಲೆ ಮಲಗಿಸಿದರು. ಅರ್ಧ ದಿನ ಹಾಗೇ ಬಿಟ್ಟರು. ಆಮೇಲೆ ಮುರುಗಲ ತುಪ್ಪವನ್ನು ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ ಸವರಿದರು. ನಾಲ್ಕು ದಿನಕ್ಕೆ ವಾಸಿಯಾಯಿತು. ನಾನು ಗೆದ್ದ ಕತೆ ಇದಲ್ಲ. ಹಾಗಂತ ಮುರುಗಲು ಗೆದ್ದ ಕತೆಯೂ ಅಲ್ಲ. ಅಲ್ಲಿ ಕೆಲಸ ಮಾಡಿದ್ದು ಏನು ಅನ್ನುವುದೇ ಇವತ್ತಿನ ಮಾತು.

ಈ ಕೆಂಪು ಹೇಗೆ ಬರುತ್ತದೆ ಅಂತ ಮೊದಲು ನೋಡೋಣ. ನಮ್ಮ ಚರ್ಮ ಸ್ವಲ್ಪ ಹುಳಿ ಸ್ವಭಾವದ್ದು. ಆ ಹುಳಿಯೇ ಅದರ ಕಾವಲು. ಲಂಗೋಟಿ ಒದ್ದೆಯಾಗಿದ್ದಷ್ಟು ಹೊತ್ತು ಚರ್ಮ ನೆನೆಯುತ್ತದೆ. ಬಟ್ಟೆ ತುಂಬಾ ಹೊತ್ತು ಒಗೆದರೆ ಬೆರಳು ಹೇಗೆ ಸುಕ್ಕಾಗುತ್ತದೆ, ಹಾಗೆ. ನೆನೆದ ಚರ್ಮ ಬಟ್ಟೆಗೆ ತಾಗಿ ಉಜ್ಜಿದರೆ ಬೇಗ ಕೀಳುತ್ತದೆ. ಇಷ್ಟಕ್ಕೇ ನಿಂತಿದ್ದರೆ ಪರವಾಗಿರಲಿಲ್ಲ. ಉಚ್ಚೆಯ ಜೊತೆ ಕಕ್ಕ ಸೇರಿದಾಗ, ಕಕ್ಕದಲ್ಲಿರುವ ಬ್ಯಾಕ್ಟೀರಿಯಾ ಉಚ್ಚೆಯ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಚರ್ಮದ ಹುಳಿ ಹೋಗಿ ಕ್ಷಾರ ಬರುತ್ತದೆ. ಕ್ಷಾರ ಬಂದರೆ ಕಕ್ಕದಲ್ಲಿರುವ ಜೀರ್ಣರಸಗಳಿಗೆ ಬಲ ಬರುತ್ತದೆ. ಊಟ ಅರಗಿಸಬೇಕಾದ ರಸ ಚರ್ಮವನ್ನೇ ಅರಗಿಸಲು ಕೂರುತ್ತದೆ. ಅದಕ್ಕೇ ಬರೀ ಉಚ್ಚೆಯಲ್ಲಿ ರಾತ್ರಿಯಿಡೀ ಮಲಗಿದ ಮಗುವಿಗಿಂತ, ಭೇದಿಯಾಗಿ ಒಂದು ಗಂಟೆ ಹಾಗೇ ಇದ್ದ ಮಗುವಿನ ಅಂಡು ಬೇಗ ಕೆಂಪಾಗುತ್ತದೆ.

ಬರೀ ಎದೆಹಾಲು ಕುಡಿಯುವ ಮಗುವಿನ ಕಕ್ಕಕ್ಕೆ ಹುಳಿ ಜಾಸ್ತಿ. ಅಂಥ ಮಕ್ಕಳಿಗೆ ಈ ತೊಂದರೆ ಕಮ್ಮಿ. ಅನ್ನ, ರಾಗಿ ಶುರು ಮಾಡಿದ ಮೇಲೆ ಜಾಸ್ತಿಯಾಗುತ್ತದೆ. ಒಂಬತ್ತು ತಿಂಗಳಿನಿಂದ ಒಂದು ವರ್ಷದ ಒಳಗಿನ ಮಕ್ಕಳನ್ನೇ ನನ್ನ ಹತ್ತಿರ ಹೆಚ್ಚು ಕರೆತರುತ್ತಾರೆ. ನಮ್ಮ ಮಲೆನಾಡಿನಲ್ಲಿ ಇನ್ನೊಂದು ಕಾರಣ ಮಳೆ. ಆಷಾಢದಲ್ಲಿ ಬಟ್ಟೆ ಒಣಗುವುದೇ ಇಲ್ಲ. ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಸಾಲಾಗಿ ನೇತಾಡುವ ಲಂಗೋಟಿಗಳನ್ನು ಮುಟ್ಟಿ ನೋಡಿ. ಬೆಚ್ಚಗಿರುತ್ತವೆ, ಆದರೆ ಒಣಗಿರುವುದಿಲ್ಲ. ಬೆಚ್ಚಗಿದ್ದರೆ ಒಣಗಿದೆ ಅಂತ ಕೈ ಮೋಸ ಹೋಗುತ್ತದೆ. ಇಸ್ತ್ರಿ ಹೊಡೆದು ಕಟ್ಟಿ.

ಇದೇನೂ ಡೈಪರ್ ಬಂದ ಮೇಲೆ ಹುಟ್ಟಿದ ಕಾಯಿಲೆ ಅಲ್ಲ. ಸುಶ್ರುತ ಸಂಹಿತೆಯಲ್ಲಿ ಸಣ್ಣ ಕಾಯಿಲೆಗಳ ಪಟ್ಟಿ ಇದೆ. ಅದರಲ್ಲಿ ಅಹಿಪೂತನ ಅಂತ ಒಂದು ಬರುತ್ತದೆ. ಮಲ ಮೂತ್ರ ಅಂಟಿದ ಜಾಗವನ್ನು ತೊಳೆಯದೆ ಬಿಟ್ಟಾಗ, ಬೆವರಿದ ಮಗುವಿಗೆ ಸ್ನಾನ ಮಾಡಿಸದಿದ್ದಾಗ ತುರಿಕೆ ಹುಟ್ಟಿ, ಗುಳ್ಳೆಯಾಗಿ, ರಸ ಒಸರುತ್ತದೆ ಅಂತ ಅದರ ಅರ್ಥ. ಕಾರಣವನ್ನು ಎಷ್ಟು ಸರಿಯಾಗಿ ಹಿಡಿದಿದ್ದಾರೆ ನೋಡಿ. ದೃಷ್ಟಿ, ಗ್ರಹಚಾರ ಅನ್ನಲಿಲ್ಲ. ತೊಳೆದಿಲ್ಲ ಅಂದರು. ಚಿಕಿತ್ಸೆ ಹೇಳುವಾಗಲೂ ತ್ರಿಫಲಾ, ಕಗ್ಗಲಿಯ ಕಷಾಯದಲ್ಲಿ ತೊಳೆಯುವ ಮಾತು ಬರುತ್ತದೆ.

ಈಗ ಮುಲಾಮಿಗೆ ಬರೋಣ. ನನ್ನ ಮಾತು ಇಷ್ಟೇ. ಮಗುವಿನ ಅಂಡಿಗೆ ಹಚ್ಚುವ ಮುಲಾಮು ಔಷಧಿಗಿಂತ ಹೆಚ್ಚಾಗಿ ಒಂದು ಸೂರು. ಮಳೆ ಒಳಗೆ ಬಾರದ ಹಾಗೆ ತಡೆಯುವುದು ಅದರ ಕೆಲಸ. ಸೂರಿನ ಕೆಳಗೆ ಚರ್ಮ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಹಾಗಾಗಿ ಡಬ್ಬಿಯಲ್ಲಿ ಯಾವ ಎಲೆ ಇದೆ ಅಂತ ಕೇಳುವ ಮೊದಲು ಯಾವ ಜಿಡ್ಡು ಇದೆ ಅಂತ ಕೇಳಿ. ಜೇನುಮೇಣ, ಕೊಬ್ಬರಿ ಎಣ್ಣೆ, ಮುರುಗಲ ತುಪ್ಪ, ವ್ಯಾಸಲೀನ್, ಜಿಂಕ್ ಆಕ್ಸೈಡ್ ಇವೆಲ್ಲ ಸೂರು ಹಾಕುವ ಜಾತಿ. ಡಾಕ್ಟರುಗಳು ಬರೆದುಕೊಡುವ ಬಿಳಿ ಜಿಂಕ್ ಮುಲಾಮು ಕೂಡ ಇದೇ ಕೆಲಸ ಮಾಡುತ್ತದೆ. ಅದು ಹಂಚಿನ ಸೂರು, ಮುರುಗಲ ತುಪ್ಪದ್ದು ಸೋಗೆಯ ಸೂರು ಅಂದುಕೊಳ್ಳಿ. ಹಂಚು ಗಟ್ಟಿ, ನಿಜ. ಆದರೆ ಸಣ್ಣ ಮಳೆಗೆ ಸೋಗೆಯೂ ಸಾಕು.

ಹಾಗಾದರೆ ಎಲೆ, ಹೂವು, ಬೇರು ಏನೂ ಮಾಡುವುದಿಲ್ಲವೇ? ಕೆಲವು ಸ್ವಲ್ಪ ಮಾಡುತ್ತವೆ. ಕೆಲವು ಸುಮ್ನೆ ಜೊತೆಗೆ ಬಂದಿರುತ್ತವೆ. ಕೆಲವು ಕೆಡಿಸುತ್ತವೆ.

ಲೋಳೆಸರದಿಂದ ಶುರು ಮಾಡೋಣ, ಎಲ್ಲರ ಮನೆಯಂಗಳದಲ್ಲೂ ಇದೆ. ಅದರ ಲೋಳೆಯಲ್ಲಿ ನೂರಕ್ಕೆ ತೊಂಬತ್ತೆಂಟು ತೊಂಬತ್ತೊಂಬತ್ತು ಪಾಲು ನೀರು. ತಂಪಾಗಿರುತ್ತದೆ, ಮಗುವಿಗೆ ಹಿತ ಅನಿಸಬಹುದು. ಆದರೆ ನೀರು ಆರಿದ ಮೇಲೆ ಸೂರು ಉಳಿಯುವುದಿಲ್ಲ. ಲೋಳೆ ಹಚ್ಚಿ ಅದರ ಮೇಲೆ ಜಿಡ್ಡು ಹಚ್ಚದಿದ್ದರೆ ಅರ್ಧ ಕೆಲಸ. ಇನ್ನೊಂದು, ಎಲೆ ಕತ್ತರಿಸಿದಾಗ ಸಿಪ್ಪೆಯ ಅಡಿಯಿಂದ ಹಳದಿ ಹಾಲು ಇಳಿಯುತ್ತದಲ್ಲ, ಅದು ಚರ್ಮಕ್ಕೆ ಉರಿ. ಎಲೆಯನ್ನು ನಿಲ್ಲಿಸಿ ಅದೆಲ್ಲ ಇಳಿದು ಹೋದ ಮೇಲೆ ತೊಳೆದು, ನಡುವಿನ ಗಾಜಿನಂಥ ತಿರುಳು ಮಾತ್ರ ತೆಗೆಯಬೇಕು.

ಕ್ಯಾಲೆಂಡುಲಾ ಅಂತ ಡಬ್ಬಿಗಳ ಮೇಲೆ ಓದಿರುತ್ತೀರಿ. ಯುರೋಪಿನಲ್ಲಿ ಗಾಯದ ಮುಲಾಮಿಗೆ ಬಹಳ ಕಾಲದಿಂದ ಬಳಸುವ ಹೂವು. ಇಂಗ್ಲಿಷಿನಲ್ಲಿ ಅದನ್ನೂ ಮಾರಿಗೋಲ್ಡ್ ಅಂತಾರೆ, ನಮ್ಮ ಚೆಂಡು ಹೂವನ್ನೂ ಮಾರಿಗೋಲ್ಡ್ ಅಂತಾರೆ. ಇದರಿಂದ ಒಂದು ಎಡವಟ್ಟಾಗಿದೆ. ಮೊಬೈಲಿನಲ್ಲಿ ವಿಡಿಯೋ ನೋಡಿ, ದೀಪಾವಳಿಗೆ ತಂದ ಚೆಂಡು ಹೂವನ್ನು ಎಣ್ಣೆಗೆ ಹಾಕಿ ಕುದಿಸಿ ಮಗುವಿಗೆ ಹಚ್ಚಿದ ತಾಯಂದಿರನ್ನು ನಾನು ನೋಡಿದ್ದೇನೆ. ಎರಡೂ ಬೇರೆ ಗಿಡ. ಒಂದರ ಗುಣ ಇನ್ನೊಂದಕ್ಕೆ ಬರುವುದಿಲ್ಲ. ಅದೂ ಅಲ್ಲದೆ ಮಾರ್ಕೆಟ್ಟಿನ ಚೆಂಡು ಹೂವಿಗೆ ಎಷ್ಟು ಔಷಧಿ ಹೊಡೆದಿರುತ್ತಾರೋ.

ನಿಜವಾದ ಕ್ಯಾಲೆಂಡುಲಾದ ಮೇಲೆ ಪರೀಕ್ಷೆ ನಡೆದಿದೆ. 2012ರಲ್ಲಿ ಇರಾನಿನ ವೈದ್ಯರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ 66 ಮಕ್ಕಳಿದ್ದರು. ಅರ್ಧ ಮಕ್ಕಳಿಗೆ ಲೋಳೆಸರದ್ದು, ಅರ್ಧ ಮಕ್ಕಳಿಗೆ ಕ್ಯಾಲೆಂಡುಲಾದ್ದು ಹಚ್ಚಿದರು. ಎರಡರಲ್ಲೂ ಗುಣ ಕಂಡಿತು, ಕ್ಯಾಲೆಂಡುಲಾ ಸ್ವಲ್ಪ ಮುಂದಿತ್ತು. ಚೆನ್ನಾಗಿದೆ. ಆದರೆ ಯಾವ ಗಿಡವೂ ಇಲ್ಲದ ಬರೀ ಜಿಡ್ಡು ಹಚ್ಚಿದ ಮೂರನೇ ಗುಂಪು ಅಲ್ಲಿ ಇರಲಿಲ್ಲ. ಹಾಗಾಗಿ ಗುಣವಾಗಿದ್ದು ಹೂವಿನಿಂದಲೋ, ಹಚ್ಚಿದ ಸೂರಿನಿಂದಲೋ, ಅಮ್ಮಂದಿರು ಆ ಹತ್ತು ದಿನ ಜಾಸ್ತಿ ಜಾಗ್ರತೆ ಮಾಡಿದ್ದರಿಂದಲೋ ಹೇಳುವುದು ಕಷ್ಟ. ಗಿಡಮೂಲಿಕೆಯ ಬಗ್ಗೆ ಯಾರಾದರೂ "ಸಾಬೀತಾಗಿದೆ" ಅಂದರೆ, ಯಾವುದರ ಜೊತೆ ಹೋಲಿಸಿ ಸಾಬೀತಾಗಿದೆ ಅಂತ ಕೇಳುವ ಅಭ್ಯಾಸ ಇಟ್ಟುಕೊಳ್ಳಿ.

ಅರಿಶಿನ ಬೇಡ. ಇದನ್ನು ಹೇಳಿದಾಗಲೆಲ್ಲ ಸಭೆಯಲ್ಲಿ ಗುಸುಗುಸು ಶುರುವಾಗುತ್ತದೆ, ಇವತ್ತೂ ಆಯಿತು. ಗಾಯಕ್ಕೆ ಅರಿಶಿನ ಹಾಕಿ ಬೆಳೆದವರು ನಾವು. ಆದರೆ ಪುಡಿ ಎಂದರೆ ಕಣ. ಹಸಿ ಚರ್ಮದ ಮೇಲೆ, ಬಿಗಿದ ಲಂಗೋಟಿಯ ಕೆಳಗೆ ಅದು ಉಜ್ಜುತ್ತದೆ. ಹಳದಿ ಬಣ್ಣ ಕೂತರೆ ಕೆಂಪು ಕಮ್ಮಿಯಾಯಿತೋ ಹೆಚ್ಚಾಯಿತೋ ಕಾಣುವುದಿಲ್ಲ, ನನಗೂ ಕಾಣುವುದಿಲ್ಲ. ಜೊತೆಗೆ ಕಲಬೆರಕೆ. ಬಾಂಗ್ಲಾದೇಶದಲ್ಲಿ ಅರಿಶಿನಕ್ಕೆ ಬಣ್ಣ ಬರಲಿ ಅಂತ ಸೀಸದ ಹಳದಿ ಬೆರೆಸುತ್ತಿದ್ದುದು 2019ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಹೊರಬಂತು. ಮಗುವಿನ ಕೈ ಅಂಡಿಗೂ ಹೋಗುತ್ತದೆ, ಬಾಯಿಗೂ ಹೋಗುತ್ತದೆ.

ಬಾಯಿಗೆ ಹೋಗುವ ಮಾತು ಬಂದದ್ದಕ್ಕೆ ಬೇವಿನ ಎಣ್ಣೆ ನೆನಪಾಯಿತು. ಬೇವಿನ ಎಣ್ಣೆ ಕುಡಿಸಿದ್ದರಿಂದ ಎಳೆ ಮಕ್ಕಳಿಗೆ ವಾಂತಿ, ಮಂಪರು, ಫಿಟ್ಸ್ ಬಂದು ಮಿದುಳು, ಲಿವರ್ ಕೆಟ್ಟದ್ದನ್ನು ಮಲೇಷ್ಯಾದ ವೈದ್ಯರು 1981ರಲ್ಲೇ ವರದಿ ಮಾಡಿದ್ದಾರೆ. ಅದು ಕುಡಿಸಿದ ಕತೆ, ಹಚ್ಚಿದ್ದಲ್ಲ. ಒಂದು ತೊಟ್ಟು ಹಚ್ಚಿದರೆ ಹೆದರಬೇಕಿಲ್ಲ. ಆದರೆ ಬೇವಿನ ಎಣ್ಣೆಯ ಬಾಟಲಿ ಬಾಣಂತಿ ಕೋಣೆಯಲ್ಲಿ ಹರಳೆಣ್ಣೆ ಬಾಟಲಿಯ ಪಕ್ಕ ಇರುವುದು ನನಗೆ ಇಷ್ಟವಿಲ್ಲ. ಎರಡೂ ಒಂದೇ ಥರ ಕಾಣುತ್ತವೆ, ನಡುರಾತ್ರಿ ಕರೆಂಟ್ ಇರುವುದಿಲ್ಲ.

ಎದೆಹಾಲು ಹಚ್ಚಿ ಅಂತ ಅಜ್ಜಿಯರು ಹೇಳುತ್ತಾರೆ. ಇದಕ್ಕೆ ನಗಬೇಡಿ. ಇರಾನಿನಲ್ಲೇ ಇನ್ನೊಂದು ಅಧ್ಯಯನದಲ್ಲಿ ಸಣ್ಣ ಪ್ರಮಾಣದ ಕೆಂಪಿಗೆ ಎದೆಹಾಲು ಹಚ್ಚಿ, ಹಗುರವಾದ ಸ್ಟೀರಾಯ್ಡ್ ಮುಲಾಮಿನ ಜೊತೆ ಹೋಲಿಸಿದಾಗ ಎರಡೂ ಹತ್ತಿರ ಹತ್ತಿರ ಬಂದವು. ಖರ್ಚಿಲ್ಲ, ಅಪಾಯವಿಲ್ಲ. ಹಚ್ಚಿ, ಆರಲು ಬಿಡಿ, ಆಮೇಲೆ ಅದರ ಮೇಲೆ ಎಣ್ಣೆ.

ಆಯುರ್ವೇದದ ಮುಲಾಮುಗಳಲ್ಲಿ ನನಗೆ ಮೆಚ್ಚುಗೆ ಶತಧೌತ ಘೃತದ ಮೇಲೆ. ನೂರು ಸಲ ತೊಳೆದ ತುಪ್ಪ ಅಂತ ಅರ್ಥ. ಚರಕ ಸಂಹಿತೆಯಲ್ಲಿ ಮೈ ಉರಿಗೆ ಇದನ್ನು ಹೇಳಿದ್ದಾರೆ. ತಾಮ್ರದ ಪಾತ್ರೆಯಲ್ಲಿ ತುಪ್ಪಕ್ಕೆ ನೀರು ಹಾಕಿ ಉಜ್ಜಿ ಉಜ್ಜಿ, ನೀರು ಚೆಲ್ಲಿ, ಮತ್ತೆ ಹಾಕಿ, ಹೀಗೆ ನೂರು ಸಲ. ಹಳದಿ ತುಪ್ಪ ಬೆಳ್ಳಗೆ ಬೆಣ್ಣೆಯ ಹಾಗೆ ಆಗುತ್ತದೆ, ವಾಸನೆ ಹೋಗುತ್ತದೆ. ನಮ್ಮ ಕೋಲ್ಡ್ ಕ್ರೀಮಿನ ಅಜ್ಜಿ ಅನ್ನಬಹುದು. ತೊಂದರೆ ಏನೆಂದರೆ ಒಳಗೆ ನೀರು ಉಳಿದಿರುತ್ತದೆ. ಮಲೆನಾಡಿನ ಥಂಡಿಯಲ್ಲಿ ಬೂಸ್ಟು ಹಿಡಿಯಲು ಸಮಯ ಬೇಕಾಗುವುದಿಲ್ಲ. ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಬೇಕು.

ಜಾತ್ಯಾದಿ ತೈಲದ ಬಗ್ಗೆ ಒಬ್ಬರು ಚೀಟಿ ಕಳಿಸಿದ್ದಾರೆ. ಗಾಯಕ್ಕೆ ಹೆಸರುವಾಸಿ ಎಣ್ಣೆ, ಮಲ್ಲಿಗೆ ಜಾತಿಯ ಎಲೆ, ಬೇವು, ಹೊಂಗೆ, ಅರಿಶಿನ, ಜೇನುಮೇಣ ಎಲ್ಲ ಇರುತ್ತದೆ. ಜೊತೆಗೆ ಶಾಸ್ತ್ರದ ಪಾಠದಲ್ಲಿ ತುತ್ಥ ಅಂತ ಒಂದು ಬರುತ್ತದೆ. ತುತ್ಥ ಅಂದರೆ ಮೈಲುತುತ್ತ. ಅಡಿಕೆ ತೋಟ ಇರುವವರಿಗೆ ಬೇರೆ ಹೇಳಬೇಕೆ, ಕೊಳೆರೋಗಕ್ಕೆ ಸುಣ್ಣದ ಜೊತೆ ಕಲಸಿ ಹೊಡೆಯುವುದೂ ಅದನ್ನೇ. ಎಣ್ಣೆಯಲ್ಲಿ ಅದರ ಪ್ರಮಾಣ ಕಮ್ಮಿ, ವೈದ್ಯರು ನೋಡಿ ಕೊಟ್ಟರೆ ಅದು ಅವರ ಲೆಕ್ಕ. ಆದರೆ ಆಯುರ್ವೇದ ಅಲ್ವಾ, ಏನೂ ಆಗಲ್ಲ ಅಂತ ನೀವೇ ಅಂಗಡಿಯಿಂದ ತಂದು ಆರು ತಿಂಗಳ ಮಗುವಿಗೆ ದಿನಕ್ಕೆ ಐದು ಸಲ ಹಚ್ಚಬೇಡಿ.

ಈಗ ನಿಜಕ್ಕೂ ಹೆದರಬೇಕಾದ ವಿಷಯ. ಮೊದಲನೆಯದು ಕರ್ಪೂರ. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡುವುದು ನಮ್ಮಲ್ಲಿ ಮನೆಮನೆಯಲ್ಲೂ ಇದೆ. ದೊಡ್ಡವರ ಕೀಲುನೋವಿಗೆ ಆಗಬಹುದು. ಎಳೆ ಮಗುವಿಗೆ ಬೇಡವೇ ಬೇಡ. ಕರ್ಪೂರ ಚರ್ಮದ ಮೂಲಕ ಒಳಗೆ ಹೋಗುತ್ತದೆ, ಸಣ್ಣ ಮಕ್ಕಳಿಗೆ ಅದರಿಂದ ಫಿಟ್ಸ್ ಬರುತ್ತದೆ. ನೀಲಗಿರಿ ಎಣ್ಣೆಯೂ ಅಷ್ಟೇ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ವೈದ್ಯರು ಈ ಎರಡರಿಂದ ದೊಡ್ಡವರಿಗೇ ಫಿಟ್ಸ್ ಬಂದದ್ದನ್ನು ದಾಖಲಿಸಿದ್ದಾರೆ. ಇನ್ನು ಹಸಿ ಚರ್ಮದ, ಐದಾರು ಕಿಲೋ ತೂಕದ ಮಗುವಿನ ಪಾಡೇನು?

ಕಿತ್ತ ಚರ್ಮ ಬಾಗಿಲು ತೆರೆದ ಮನೆ. ಅದರ ಮೇಲೆ ಡೈಪರ್ ಕಟ್ಟಿದರೆ ಹಚ್ಚಿದ್ದು ಇನ್ನೂ ಜಾಸ್ತಿ ಒಳಗೆ ಹೋಗುತ್ತದೆ. 1972ರಲ್ಲಿ ಫ್ರಾನ್ಸಿನಲ್ಲಿ ಒಂದು ಕಂಪನಿಯ ಬೇಬಿ ಪೌಡರಿಗೆ ಹೆಕ್ಸಾಕ್ಲೋರೋಫೀನ್ ಅನ್ನುವ ಕ್ರಿಮಿನಾಶಕ ತಪ್ಪಿ ಅತಿಯಾಗಿ ಬೆರೆತಿತ್ತು. ಅದನ್ನು ಹಚ್ಚಿದ್ದರಿಂದ 36 ಮಕ್ಕಳು ತೀರಿಕೊಂಡರು. ಕುಡಿಸಿದ್ದಲ್ಲ, ಬರೀ ಅಂಡಿಗೆ ಹಚ್ಚಿದ್ದು. ಬೋರಿಕ್ ಪೌಡರಿನದೂ ಹಳೇ ಕತೆ. ಹಿಂದೆ ಡಾಕ್ಟರುಗಳೇ ಮಕ್ಕಳಿಗೆ ಹಾಕಿ ಅನ್ನುತ್ತಿದ್ದರು, ಮಕ್ಕಳು ಸತ್ತ ಮೇಲೆ ನಿಲ್ಲಿಸಿದರು. ಅದು ಕೇರಂ ಬೋರ್ಡಿನ ಮೇಲಿರಲಿ. ಪೌಡರೇ ಬೇಡ ಅನ್ನುವುದು ನನ್ನ ಸಲಹೆ. ಹಾಕುವಾಗ ಏಳುವ ಧೂಳು ಮಗುವಿನ ಶ್ವಾಸಕ್ಕೆ ಹೋಗುತ್ತದೆ, ಒದ್ದೆ ಆದ ಮೇಲೆ ಸಂದಿನಲ್ಲಿ ಮುದ್ದೆ ಕಟ್ಟುತ್ತದೆ.

ಇನ್ನೊಂದು ಅಪಾಯ ಹಸಿರು ಡಬ್ಬಿಯೊಳಗೆ ಅಡಗಿ ಬರುತ್ತದೆ. "ನೂರಕ್ಕೆ ನೂರು ಗಿಡಮೂಲಿಕೆ" ಅಂತ ಬರೆದ ಕ್ರೀಮ್, ಒಂದೇ ರಾತ್ರಿಗೆ ಕೆಂಪು ಮಾಯ. ಅಂಥದ್ದು ಸಿಕ್ಕರೆ ಖುಷಿಪಡಬೇಡಿ, ಅನುಮಾನ ಪಡಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಮಕ್ಕಳ ಚರ್ಮರೋಗಕ್ಕೆ ಹಚ್ಚುತ್ತಿದ್ದ ಇಂಥ 24 ಗಿಡಮೂಲಿಕೆ ಕ್ರೀಮುಗಳನ್ನು ಪರೀಕ್ಷೆಗೆ ಹಾಕಿದರು. 20ರಲ್ಲಿ ಸ್ಟೀರಾಯ್ಡ್ ಇತ್ತು, ಅದೂ ಕೆಲವದರಲ್ಲಿ ಅತಿ ಪ್ರಬಲವಾದದ್ದು. 2003ರಲ್ಲಿ ಅದು ಪ್ರಕಟವಾಯಿತು. ನಮ್ಮ ಮೆಡಿಕಲ್ ಶಾಪುಗಳ ಕತೆ ಬೇರೆ ರೀತಿಯದು. ಅಲ್ಲಿ ಮುಚ್ಚುಮರೆ ಇಲ್ಲ. ಸ್ಟೀರಾಯ್ಡ್, ಫಂಗಸ್ ಔಷಧಿ, ಆಂಟಿಬಯೋಟಿಕ್ ಮೂರನ್ನೂ ಕಲಸಿದ ಟ್ಯೂಬನ್ನು ಚೀಟಿ ಇಲ್ಲದೆ ಕೊಡುತ್ತಾರೆ. ಕೊಡಬಾರದು ಅಂತ ನಿಯಮ ಇದೆ. ಆ ಟ್ಯೂಬು ಡೈಪರಿನ ಕೆಳಗೆ ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಔಷಧಿ ರಕ್ತಕ್ಕೆ ಸೇರಿ ಮಗು ಊದಿಕೊಳ್ಳುತ್ತದೆ. ಮುಖ ಚಂದ್ರನ ಹಾಗೆ ಗುಂಡಗಾದ ಮಗುವನ್ನು "ಮೈಕೈ ತುಂಬಿಕೊಂಡಿದೆ" ಅಂತ ಖುಷಿಯಲ್ಲಿ ಕರೆತಂದ ಮನೆಯವರೂ ಇದ್ದಾರೆ.

ಆಯುರ್ವೇದದ ಔಷಧಿ ಕೊಳ್ಳುವಾಗ ಡಬ್ಬಿಯ ಹಿಂಭಾಗ ಓದಿ. ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ತಯಾರಿಸಿದ ದಿನ, ಒಳಗೆ ಏನೇನಿದೆ ಅನ್ನುವುದು ಇರಲೇಬೇಕು. ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಚೀಟಿಯೇ ಇಲ್ಲದೆ ಮಾರುವ ಮುಲಾಮು ದೊಡ್ಡವರ ಹುಳುಕಡ್ಡಿಗೂ ಬೇಡ.

ಸರಿ, ಮನೆಯಲ್ಲೇ ಮಾಡಿಕೊಳ್ಳುವ ಆಸೆ ಇದ್ದವರಿಗೆ ನಮ್ಮ ಮನೆಯ ಲೆಕ್ಕ ಹೇಳುತ್ತೇನೆ. ಒಳ್ಳೆಯ ಕೊಬ್ಬರಿ ಎಣ್ಣೆ 80 ಗ್ರಾಂ, ಜೇನುಮೇಣ 20 ಗ್ರಾಂ. ಮುರುಗಲ ತುಪ್ಪ ಇದ್ದರೆ 30 ಗ್ರಾಂ ಹಾಕಿ, ಮೇಣವನ್ನು 10 ಗ್ರಾಂಗೆ, ಎಣ್ಣೆಯನ್ನು 60 ಗ್ರಾಂಗೆ ಇಳಿಸಿ. ನೀರು ಕುದಿಯುವ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ನೇರ ಬೆಂಕಿಗೆ ಇಡಬೇಡಿ, ಮೇಣಕ್ಕೆ ಬೆಂಕಿ ಹತ್ತುತ್ತದೆ. ಬಟ್ಟೆಯಲ್ಲಿ ಸೋಸಿ, ಕುದಿಸಿ ಒಣಗಿಸಿದ ಗಾಜಿನ ಡಬ್ಬಿಗೆ ಸುರಿಯಿರಿ. ಒಂದು ಹನಿ ನೀರೂ ಬೀಳಬಾರದು. ನೀರಿಲ್ಲದಿದ್ದರೆ ಕೆಡದಂತೆ ಬೇರೇನೂ ಹಾಕಬೇಕಿಲ್ಲ. ಹಸಿ ಗರಿಕೆ, ಹಸಿ ಲೋಳೆಸರ, ಹಸಿ ತುಳಸಿ ಅಂತ ಸೇರಿಸಿದಿರೋ, ಅಲ್ಲಿಗೆ ನೀರು ಬಂತು, ಬೂಸ್ಟೂ ಬಂತು.

ಮುರುಗಲ ತುಪ್ಪದ ಉಂಡೆಯನ್ನು ಹಾಗೇ ಉಜ್ಜಬೇಡಿ. ಅದು ಕರಗುವುದು ನಮ್ಮ ಮೈ ಬಿಸಿಗಿಂತ ಸ್ವಲ್ಪ ಮೇಲೆ. ಹಿಮ್ಮಡಿಗೆ ತಿಕ್ಕಿ ಹಚ್ಚಬಹುದು, ಮಗುವಿನ ಕಿತ್ತ ಚರ್ಮಕ್ಕೆ ತಿಕ್ಕಿದರೆ ಗಾಯದ ಮೇಲೆ ಬರೆ. ನಮ್ಮತ್ತೆ ಅದನ್ನು ಎಣ್ಣೆಯಲ್ಲಿ ಕರಗಿಸಿದ್ದು ಯಾಕೆ ಅಂತ ನನಗೆ ಅರ್ಥವಾಗಲು ವರ್ಷಗಳೇ ಬೇಕಾದವು. ಜಿಂಕ್ ಪುಡಿ ತಂದು ಮನೆಯಲ್ಲಿ ಕಲಸುವ ಸಾಹಸ ಬೇಡ. ಅದು ಬೇಕಾದರೆ ರೆಡಿ ಟ್ಯೂಬು ತನ್ನಿ. ಜೇನುತುಪ್ಪವನ್ನೂ ಸೇರಿಸಬೇಡಿ. ವರ್ಷ ತುಂಬದ ಮಗುವಿನ ಬಾಯಿಗೆ ಜೇನು ಹೋಗಬಾರದು.

ಹಚ್ಚುವ ರೀತಿಯಲ್ಲೇ ಅರ್ಧ ಜನ ತಪ್ಪುತ್ತಾರೆ. ಉಗುರು ಬೆಚ್ಚಗಿನ ನೀರು, ಹತ್ತಿ ಇಲ್ಲವೇ ಮೆತ್ತನೆ ಬಟ್ಟೆ, ಅಷ್ಟೇ ಸಾಕು. ಕೆಂಪಾಗಿರುವಷ್ಟು ದಿನ ಸೋಪು, ಕಡಲೆಹಿಟ್ಟು, ಸೀಗೆಪುಡಿ ಯಾವುದೂ ಆ ಜಾಗಕ್ಕೆ ಬೇಡ. ಒತ್ತಿ ಒರೆಸಿ, ಉಜ್ಜಬೇಡಿ. ಗಾಳಿಗೆ ಬಿಡಿ. ಪೂರ್ತಿ ಒಣಗಿದ ಮೇಲೆ ಮುಲಾಮನ್ನು ದೋಸೆಗೆ ಬೆಣ್ಣೆ ಹಾಕಿದ ಹಾಗೆ ಧಾರಾಳವಾಗಿ ಹಚ್ಚಿ. ಒದ್ದೆ ಚರ್ಮದ ಮೇಲೆ ಹಚ್ಚಿದರೆ ಒದ್ದೆಯನ್ನೇ ಒಳಗೆ ಕೂಡಿ ಹಾಕಿದಂತೆ. ಮುಂದಿನ ಸಲ ಕಕ್ಕ ಮಾಡಿದಾಗ ಮೇಲಿನ ಗಲೀಜು ಪದರ ಮಾತ್ರ ತೆಗೆಯಿರಿ. ಕೆಳಗಿನ ಮುಲಾಮು ಶುಭ್ರವಾಗಿದ್ದರೆ ಹಾಗೇ ಇರಲಿ, ಅದರ ಮೇಲೆ ಮತ್ತೆ ಹಚ್ಚಿ. ಎಲ್ಲವನ್ನೂ ತಿಕ್ಕಿ ತೆಗೆದು ಹೊಸದು ಹಚ್ಚುವ ಶುಚಿತನವೇ ಎಷ್ಟೋ ಮಕ್ಕಳ ಗಾಯ ಆರದಿರಲು ಕಾರಣ. ಬಟ್ಟೆಯ ಲಂಗೋಟಿ ಕಟ್ಟುವವರು ಮುಲಾಮಿನ ಮೇಲೆ ಹಳೇ ಮಲ್ಲಿನ ತುಂಡು ಇಡಿ, ಇಲ್ಲದಿದ್ದರೆ ಜಿಡ್ಡು ಕೂತು ಲಂಗೋಟಿ ನೀರು ಹೀರುವುದನ್ನೇ ಬಿಡುತ್ತದೆ. ಲಂಗೋಟಿಯ ಮೇಲೆ ಹಾಕುವ ಪ್ಲಾಸ್ಟಿಕ್ ಚಡ್ಡಿಯನ್ನು ಈ ಸಭೆಯಿಂದ ಮನೆಗೆ ಹೋದ ಕೂಡಲೇ ಒಲೆಗೆ ಹಾಕಬೇಡಿ, ಹೊಗೆ ಕೆಟ್ಟದ್ದು. ಕಸಕ್ಕೆ ಹಾಕಿ.

ಯಾವಾಗ ಡಾಕ್ಟರ ಹತ್ತಿರ ಬರಬೇಕು? ಮೂರು ದಿನ ಇಷ್ಟೆಲ್ಲ ಮಾಡಿದರೂ ಕಮ್ಮಿಯಾಗದಿದ್ದರೆ. ಸಾಮಾನ್ಯ ಕೆಂಪು ಉಬ್ಬಿದ ಜಾಗದಲ್ಲಿ ಇರುತ್ತದೆ, ಸಂದಿನ ಒಳಗೆ ಚರ್ಮ ಚೆನ್ನಾಗಿರುತ್ತದೆ. ಸಂದಿನ ಒಳಗೇ ಗಾಢ ಕೆಂಪಾಗಿ, ಸುತ್ತ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಸಣ್ಣ ಚುಕ್ಕೆ ಕಂಡರೆ ಅದು ಫಂಗಸ್. ಆಂಟಿಬಯೋಟಿಕ್ ಕುಡಿದ ಮಕ್ಕಳಿಗೆ ಜಾಸ್ತಿ. ಅದಕ್ಕೆ ಫಂಗಸ್ಸಿನ ಔಷಧಿಯೇ ಬೇಕು, ಮುರುಗಲು, ಕ್ಯಾಲೆಂಡುಲಾ, ನೂರು ಸಲ ತೊಳೆದ ತುಪ್ಪ ಯಾವುದೂ ನಡೆಯುವುದಿಲ್ಲ. ಅಂಥ ಮಗುವಿನ ಬಾಯಲ್ಲಿ ಬಿಳಿ ಅಗ್ರ ಇದೆಯೇ ಅಂತಲೂ ನೋಡಿ. ಕೀವುಗುಳ್ಳೆ, ಜ್ವರ, ರಕ್ತ, ಬಾಯಿಯ ಸುತ್ತಲೂ ಅಂಡಿನಲ್ಲೂ ಒಟ್ಟಿಗೇ ಗಾಯ, ಇವಕ್ಕೆ ಮೂರು ದಿನವೂ ಕಾಯಬೇಡಿ.

ಪ್ರಶ್ನೆಗಳಿಗೆ ಬಂದೆ. ಒಬ್ಬ ಹುಡುಗಿ, ಮೂರು ತಿಂಗಳ ಬಾಣಂತಿ, ಮೆಲ್ಲಗೆ ಕೇಳಿದಳು: "ಮೇಡಂ, ನಮ್ಮಮ್ಮ ಡೈಪರ್ ಹಾಕಿದ್ದಕ್ಕೇ ಹಿಂಗಾಯ್ತು ಅಂತಾರೆ. ನಿಜವಾ?" ನಾನು ಹೇಳಿದೆ, ಈಗಿನ ಡೈಪರಿನೊಳಗಿನ ಹರಳು ಒದ್ದೆಯನ್ನು ಚೆನ್ನಾಗಿ ಹೀರುತ್ತದೆ, ಒದ್ದೆ ಲಂಗೋಟಿಗಿಂತ ಅದೇ ವಾಸಿ. ಆದರೆ ಹೀರುತ್ತದಲ್ಲ ಅಂತ ಬೆಳಿಗ್ಗೆ ಕಟ್ಟಿದ್ದನ್ನು ಸಂಜೆ ಬಿಚ್ಚುತ್ತೇವೆ. ದುಡ್ಡು ಕೊಟ್ಟು ತಂದದ್ದು, ತುಂಬುವವರೆಗೆ ಇರಲಿ ಅನಿಸುತ್ತದೆ. ಉಚ್ಚೆಗೆ ಎರಡು ಮೂರು ಗಂಟೆ, ಕಕ್ಕಕ್ಕೆ ಆ ಕ್ಷಣ. ಅಮ್ಮನಿಗೆ ಡೈಪರಿನ ತಪ್ಪಲ್ಲ, ಗಡಿಯಾರದ ತಪ್ಪು ಅಂತ ಹೇಳು ಅಂದೆ. ಅವಳಮ್ಮ ಪಕ್ಕದಲ್ಲೇ ಕೂತಿದ್ದರು ಅಂತ ಆಮೇಲೆ ಗೊತ್ತಾಯಿತು.

ಕೊನೆಗೆ ಒಬ್ಬರು ಅಜ್ಜಿ ಎದ್ದು ಬಂದರು. ಸೆರಗಿನ ತುದಿ ಬಿಚ್ಚಿದರು. ಒಳಗೆ ಕಾಗದದಲ್ಲಿ ಸುತ್ತಿದ ಮುರುಗಲ ತುಪ್ಪದ ಉಂಡೆ. ಮೊಮ್ಮಗಳ ಮಗುವಿಗೆ ಅಂತ ಇಟ್ಟಿದ್ದಾರೆ, ಮೂರು ವರ್ಷದ್ದಂತೆ. "ಇದು ಆಗ್ತದಾ ನೋಡಿ" ಅಂದರು. ಮೂಸಿದೆ. ಕಮಟು ವಾಸನೆ ಬರುತ್ತಿತ್ತು. ಮಗುವಿಗೆ ಬೇಡ ಅಜ್ಜಿ, ಈ ಸಲದ ಬೀಜದ್ದು ಮಾಡಿಸಿ ಅಂದೆ. ಅವರು ಉಂಡೆಯನ್ನು ಮತ್ತೆ ಕಾಗದದಲ್ಲಿ ಸುತ್ತಿ, ಸೆರಗಿಗೆ ಗಂಟು ಹಾಕಿಕೊಂಡು, "ಹಂಗಾರೆ ಇದು ನನ್ನ ಹಿಮ್ಮಡಿಗೇ ಆತು ಬಿಡಿ" ಅಂತ ಕಾಫಿ ಕೊಡುತ್ತಿದ್ದ ಕಡೆ ನಡೆದರು.